ಹನುಮವ್ವ ಕರಣಿ ಹಿಡಿದ ಹೊತ್ತು

ಹನುಮವ್ವನಿಗೆ ಗಾರೆ ಮಿಸ್ತ್ರಿಯ ಪಗಾರ ಬರಬೇಕಾಗಿದೆ. ಇನ್ನೂ ಬಂದಿಲ್ಲ. ಮುಲುಂಡ್ ಸ್ಟೇಶನ್ನಿನಿಂದ ಪಶ್ಚಿಮಕ್ಕೆ, ಗುಡ್ಡದ ಕಡೆ ಹೋಗುವ ರಸ್ತೆಯಲ್ಲಿ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಎದ್ದ ಎರಡು ಬಿಲ್ಡಿಂಗುಗಳಿವೆ. ಅವುಗಳ ಬಚ್ಚಲುಮನೆಯ ಗೋಡೆ, ಮೆಟ್ಟಿಲಿನ ಅಡಿಮೈ, ಮೋರಿಯ ಕಡೆಗಿನ ಹಿಂಬದಿ, ಹೀಗೆ ಬಂದವರ ಕಣ್ಣಿಗೆ ಬೀಳದ ಜಾಗವೆಲ್ಲ ಅವಳ ಕೈಯ ಪ್ಲಾಸ್ಟರು. ಅದಕ್ಕೆ ಸಿಕ್ಕಿದ್ದು ಬುಟ್ಟಿ ಹೊರುವವಳ ಕೂಲಿ, ಅದೂ ಅವಳ ಕೈಗಲ್ಲ. ಇದು ದಾನ ಬೇಡುವ ಕತೆಯೆಂದು ತಿಳಿದವರು ಇಲ್ಲಿಗೇ ಎದ್ದು ಹೋಗಬಹುದು. ದುಡಿದದ್ದನ್ನು ಕೇಳುವುದು ಬೇಡುವುದಲ್ಲ.

ಹನುಮವ್ವ ಸಿಂದಗಿ ಕಡೆಯವಳು. ಮದುವೆಯಾದ ವರ್ಷವೇ ಗಂಡ ಖಂಡಪ್ಪನ ಹಿಂದೆ ಮುಂಬಯಿಗೆ ಬಂದಳು. ಕರೆತಂದವನು ಅದೇ ಸೀಮೆಯ ಗುರಲಿಂಗಪ್ಪ, ಬಿಲ್ಡರನಿಗೆ ಆಳು ಒದಗಿಸುವ ಮುಕಾದಮ. ಗುರಲಿಂಗಪ್ಪ ಒಂಟಿ ಆಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅವನ ಬಾಯಲ್ಲಿ ಆಳು ಅಂದರೆ ಜೋಡಿ. ಗಂಡ ಹೆಂಡತಿ ಸೇರಿ ಒಂದು ಜೋಡಿ, ಜೋಡಿಗೆ ಒಂದು ಕೂಲಿ, ಆ ಕೂಲಿ ಶನಿವಾರ ಸಂಜೆ ಗಂಡನ ಕೈಗೆ. ಬೆಳಿಗ್ಗೆ ಹಾಜರಿ ಕೂಗುವಾಗ "ಖಂಡಪ್ಪನ ಜೋಡಿ" ಎನ್ನುತ್ತಿದ್ದ. ಖಂಡಪ್ಪ "ಹೂಂ" ಎನ್ನುತ್ತಿದ್ದ. ಹನುಮವ್ವ ಅಷ್ಟೊತ್ತಿಗೆ ತಲೆಗೆ ಸಿಂಬಿ ಸುತ್ತಿಕೊಳ್ಳುತ್ತಿದ್ದಳು. ಆ ಸೈಟಿನಲ್ಲಿ ಇದ್ದಷ್ಟು ವರ್ಷವೂ ಹಾಜರಿಯಲ್ಲಿ ಅವಳ ಹೆಸರು ಬರಲಿಲ್ಲ. ಎತ್ತಿನ ಜೋಡಿಯಲ್ಲಾದರೂ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿರುತ್ತಾರೆ.

ಅವಳು ಮಾಲು ಹೊರುತ್ತಿದ್ದದ್ದು ಬಂಡೆಪ್ಪ ಮಿಸ್ತ್ರಿಗೆ. ಮಾಲು ಅಂದರೆ ಕಲಸಿದ ಸಿಮೆಂಟು-ಮರಳಿನ ಗಾರೆ. ಬಂಡೆಪ್ಪ ಬಿದಿರಿನ ಅಟ್ಟದ ಮೇಲೆ ನಿಂತು, ಹಲಗೆಯ ಮೇಲಿನ ಗಾರೆ ಮುಗಿಯುತ್ತಿದ್ದಂತೆ ತಿರುಗಿಯೂ ನೋಡದೆ "ಮಾಲ್!" ಎಂದು ಕೂಗುತ್ತಿದ್ದ. ಕೂಗಿದ್ದೇ ತಡ, ಎರಡು ಮಾಳಿಗೆ ಕೆಳಗಿನಿಂದ ಹನುಮವ್ವ ಬುಟ್ಟಿ ಹೊತ್ತು ಓಡಬೇಕು. ತಡವಾದರೆ ಅವ್ವ ಅಪ್ಪನನ್ನೆಲ್ಲ ಬೈಗುಳಕ್ಕೆ ಎಳೆಯುತ್ತಿದ್ದ. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಹೊಟ್ಟೆಕಿಚ್ಚಿತ್ತು. ಗೋಡೆ ಚೆಂದ ಕಾಣಬೇಕು, ಕೈಗೊಂದು ಕಸಬು ಹತ್ತಬೇಕು, ಇಂಥ ಮಾತೆಲ್ಲ ಆಮೇಲಿನವು. ಮೊದಲಿಗೆ ಅವಳಿಗೆ ಬೇಕಾಗಿದ್ದು ಇಷ್ಟೇ. ತಾನೂ ಒಂದು ದಿನ ಆ ಅಟ್ಟದ ಮೇಲೆ ನಿಂತು "ಮಾಲ್!" ಎಂದು ಕೂಗಬೇಕು. ಕೆಳಗಿನವರು ಓಡಿ ಬರಬೇಕು.

ಒಂದು ದಿನ ಬಂಡೆಪ್ಪ ಬೀಡಿ ಸೇದಲು ಇಳಿದ. ಗೋಡೆಯ ಮೂಲೆಯಲ್ಲಿ ಅಂಗೈಯಗಲದ ಜಾಗ ಬರಿದಾಗಿತ್ತು. ಹನುಮವ್ವ ಆಚೀಚೆ ನೋಡಿದಳು, ಗಾರೆ ಬಳಿಯುವ ಅವನ ಕರಣಿ ಎತ್ತಿಕೊಂಡಳು, ಒಂದಿಷ್ಟು ಮಾಲು ತೆಗೆದು ಬೀಸಿದಳು. ಅದು ಕಾಲ ಮೇಲೆ ಬಿತ್ತು. ಇನ್ನೊಂದು ಬೀಸಿದಳು. ಅದೂ ಬಿತ್ತು. ಮೂರನೆಯದು ಹತ್ತಿತು. ಮೊದಲ ಎರಡು ಯಾಕೆ ಬಿದ್ದವು, ಮೂರನೆಯದು ಯಾಕೆ ಹತ್ತಿತು ಎಂದು ಅವಳ ಮಣಿಕಟ್ಟಿಗೆ ಗೊತ್ತಾಯಿತು.

"ಯಾರಲೇ ಇದು? ಗ್ವಾಡಿಗಿ ಶಗಣಿ ಬಡದಂಗ ಬಡದೀಯಲ್ಲ!" ಬಂಡೆಪ್ಪ ಮೆಟ್ಟಿಲ ಮೇಲೆ ನಿಂತಿದ್ದ.

"ಹತ್ತೇದಲ್ಲಾ, ಮಿಸ್ತ್ರಿ."

"ಶಗಣಿನೂ ಹತ್ತತದ. ಇಡು ಕೆಳಗ."

ಇಟ್ಟಳು. ಆದರೆ ಆ ಮೂಲೆಯ ಮಾಲನ್ನು ಬಂಡೆಪ್ಪ ಕೆರೆದು ತೆಗೆಯಲಿಲ್ಲ. ಅದರ ಮೇಲೆಯೇ ಎಳೆದು ಮುಂದಕ್ಕೆ ಹೋದ. ಹನುಮವ್ವ ಅದನ್ನು ನೋಡಿಕೊಂಡಳು.

ಶನಿವಾರ ಕೂಲಿ ಹಂಚುವಾಗ ಅವಳು ಗುರಲಿಂಗಪ್ಪನ ಮುಂದೆ ಹೋಗಿ ನಿಂತಳು. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಮುಕಾದಮಣ್ಣಾ, ನಾ ಕರಣಿ ಕೆಲಸ ಕಲೀಬೇಕಂತೀನಿ."

"ಕಲಿ. ಆಮ್ಯಾಲ ಇಂಜಿನೇರ ಆಗು. ಆಮ್ಯಾಲ ಈ ಬಿಲ್ಡಿಂಗ ನೀನೇ ತಗೋ."

ಕೂತವರೆಲ್ಲ ನಕ್ಕರು. ಖಂಡಪ್ಪನೂ ನಕ್ಕ.

"ಚ್ಯಾಷ್ಟಿ ಅಲ್ಲಣ್ಣಾ. ಖರೇನ ಹೇಳಲಾಕತ್ತೀನಿ."

"ನಾನೂ ಖರೇನ ಹೇಳತೀನಿ ಕೇಳು. ಹಾಜರಿ ಕೂಗಿದಾಗಿಂದ ಸುಟ್ಟಿ ಸೀಟಿ ಊದೂ ತನಕ ನಿನ್ನ ಹೊತ್ತು ನಂದು. ಅದಕ್ಕ ರೊಕ್ಕ ಕೊಡತೀನಿ. ಕಲಿಯೂದಿದ್ರ ನಿನ್ನ ಹೊತ್ತಿನ್ಯಾಗ ಕಲಿ. ಯಾರು ಬ್ಯಾಡಂದಾರ?"

"ಕಲತ್ರ ಮಿಸ್ತ್ರಿ ಪಗಾರ ಕೊಡತೀಯೇನು?"

ಗುರಲಿಂಗಪ್ಪ ಎಲೆಯನ್ನು ಬಾಯಿಗೆ ತುರುಕಿಕೊಂಡು ಸುತ್ತ ನೋಡಿದ. ಎಲ್ಲರೂ ಕೇಳುತ್ತಿದ್ದರು. ಅವನಿಗೆ ದೊಡ್ಡಸ್ತಿಕೆ ತೋರಿಸಬೇಕೆನಿಸಿತು. "ಕಲತು ತೋರಸು. ಕೊಡತೀನಿ. ಇವರೆಲ್ಲಾರ ಮುಂದ ಹೇಳತೀನಿ."

ಮಾತು ಆದದ್ದು ಹೀಗೆ. ಇಡೀ ಸೈಟಿನ ಎದುರಿಗೆ ಆಯಿತು.

ಈಗ ಹನುಮವ್ವ ತನ್ನ ಹೊತ್ತು ಯಾವುದು ಎಂದು ಹುಡುಕಬೇಕಾಯಿತು. ಹೊತ್ತನ್ನು ಹೇಗೆ ಉಪಯೋಗಿಸಬೇಕೆಂದು ಉಪದೇಶ ಮಾಡುವವರು ಮೊದಲು ಎಲ್ಲರ ಹತ್ತಿರವೂ ಹೊತ್ತಿದೆ ಎಂದುಕೊಂಡಿರುತ್ತಾರೆ. ಇವಳ ದಿನ ನೋಡಿ. ನಸುಕಿನಲ್ಲಿ ನಳದ ಮುಂದೆ ಕೊಡ ಇಟ್ಟು ಪಾಳಿ ಕಾಯಬೇಕು, ಬಿಟ್ಟರೆ ನೀರಿಲ್ಲ. ಅಲ್ಲಿಂದ ಬಂದು ರೊಟ್ಟಿ ಬಡಿದು ಕಟ್ಟಬೇಕು. ಹಗಲು ಮುಕಾದಮನದು. ಸಂಜೆ ಸೌದೆ ಆಯಬೇಕು, ಮತ್ತೆ ಒಲೆ, ಗಂಡನ ಮೈ ಒತ್ತುವುದು, ಅವನು ಕುಡಿದು ಬಂದಿದ್ದರೆ ಅದರ ಚಾಕರಿ ಬೇರೆ. ಉಳಿದದ್ದು ಮಧ್ಯಾಹ್ನ ಊಟಕ್ಕೆ ಬಿಡುವ ಸುಟ್ಟಿಯೊಂದೇ. ಅದು ಕೂಡ ಅವಳದಾಗಿರಲಿಲ್ಲ. ಮಗಳು ದುರ್ಗಿಯದು. ದುರ್ಗಿ ಇನ್ನೂ ತೆವಳದ ಕೂಸು. ಬೆಳಗಿನಿಂದ ಕಟ್ಟಿಕೊಂಡ ಹಾಲನ್ನು ಅದು ಕುಡಿಯುತ್ತಿದ್ದದ್ದು ಆ ಸುಟ್ಟಿಯಲ್ಲಿ.

ಹನುಮವ್ವ ಮಗಳ ಹೊತ್ತನ್ನು ತೆಗೆದುಕೊಂಡಳು. ಬೇರೆಯವರ ಹೊತ್ತಿಗೆ ಕೈಹಾಕುವ ತಾಕತ್ತು ಅವಳಿಗಿರಲಿಲ್ಲ.

ಸೈಟಿನ ನೆಲಮಾಳಿಗೆಯಲ್ಲಿ ಬಿದಿರಿಗೆ ಹಳೆ ಸೀರೆ ಕಟ್ಟಿ ಕೂಸುಗಳ ಜೋಲಿ ತೂಗಿಬಿಟ್ಟಿದ್ದರು. ಅವುಗಳನ್ನು ಕಾಯುವವಳು ಇಂದ್ರಾಬಾಯಿ ಎಂಬ ಮುದುಕಿ. ಬುಟ್ಟಿ ಹೊರಲು ಕತ್ತು ನಿಲ್ಲದ ಮೇಲೆ ತಾಯಂದಿರು ಕೊಡುವ ಒಂದೊಂದು ರೊಟ್ಟಿಯ ಮೇಲೆ ಬದುಕಿದ್ದಳು. ಬೆಳಿಗ್ಗೆ ಪ್ರತಿ ಕೂಸಿನ ನಾಲಗೆಗೆ ಸಾಸಿವೆಯಷ್ಟು ಅಫೀಮಿನ ಗುಳಿಗೆ ತೇಯ್ದು ಹಚ್ಚುವುದು ಅವಳ ಕೆಲಸ. ಆ ಸೈಟಿನಲ್ಲಿ ಅದು ಯಾರೂ ಮುಚ್ಚಿಟ್ಟು ಮಾಡುವ ಕೆಲಸವಾಗಿರಲಿಲ್ಲ. ಕಣ್ಣಿಗೆ ಕಾಡಿಗೆ ಹಚ್ಚಿದಷ್ಟೇ ಸಲೀಸು. ಕೂಸು ಅತ್ತರೆ ತಾಯಿ ಇಳಿದು ಬರುತ್ತಾಳೆ, ತಾಯಿ ಇಳಿದರೆ ಮುಕಾದಮ ಅರ್ಧ ದಿನದ ಕೂಲಿ ಕತ್ತರಿಸುತ್ತಾನೆ. ಹಾಗಾಗಿ ಕೂಸು ಅಳಬಾರದು. ಗುಳಿಗೆಯ ಅಮಲು ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಆಗ ತಾಯಂದಿರು ಬಂದು ಹಾಲೂಡುತ್ತಿದ್ದರು.

"ಆಯಿ, ದುರ್ಗಿಗಿ ಮಧ್ಯಾಹ್ನ ಇನ್ನೊಂದು ಹಚ್ಚು," ಎಂದಳು ಹನುಮವ್ವ.

"ಮುಂಜಾನೆ ಹಚ್ಚೀನಲ್ಲ. ಮತ್ತ ಯಾಕ?"

"ಎದ್ದು ಅಳತದ."

"ಹಸದ ಕೂಸು ಅಳದೇ ಹಾಡತದೇನ?"

"ಸುಟ್ಟಿ ಮುಗಿಯೂ ತನಕ ಮಲಗಿದ್ರ ಸಾಕ ಆಯಿ. ಸಂಜಿಗಿ ಕುಡಸತೀನಿ. ಹಾಲು ಎಲ್ಲಿಗಿ ಹೋಗತಾವ?"

ಇಂದ್ರಾಬಾಯಿ ಅವಳ ಮುಖ ನೋಡಿದಳು. "ನಾನೂ ಎರಡೆರಡು ಹೊತ್ತು ಹಚ್ಚೀನಿ, ನನ್ನ ಮೂರು ಕೂಸಿಗಿ. ಒಂದು ಉಳದದ. ದಾದರದಾಗ ಹಮಾಲಿ ಮಾಡತದ."

"ಉಳದದಲ್ಲಾ ಮತ್ತ," ಎಂದಳು ಹನುಮವ್ವ.

ಮುದುಕಿ ಮಧ್ಯಾಹ್ನವೂ ಹಚ್ಚತೊಡಗಿದಳು. ಅವಳಿಗೆ ಎರಡನೇ ರೊಟ್ಟಿ ಸಿಗತೊಡಗಿತು.

ಬಂಡೆಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವನಿಗೆ ಮಧ್ಯಾಹ್ನದ ನಿದ್ದೆ ಪ್ರಾಣ. ಬಚ್ಚಲುಮನೆಗಳು ಅವನಿಗೆ ಬೇಡದ ಕೆಲಸ. ಇಕ್ಕಟ್ಟು, ಕತ್ತಲೆ, ಸೆಕೆ, ಹೊಗಳುವವರಿಲ್ಲ. "ಬಚ್ಚಲ ನಿನಗ. ಕೆಟ್ರೂ ನೀರು ಬಿದ್ದು ಹಾಳಾತು ಅಂತಾರ," ಎಂದ. ಸುಟ್ಟಿಯ ಸೀಟಿ ಊದಿದಾಗ ಎಲ್ಲರೂ ಬುತ್ತಿ ಬಿಚ್ಚಿದರೆ ಇವಳು ರೊಟ್ಟಿಯನ್ನು ಸುರುಳಿ ಸುತ್ತಿ ಹಲ್ಲಿನಲ್ಲಿ ಕಚ್ಚಿಕೊಂಡು ಬಚ್ಚಲಿಗೆ ನುಗ್ಗುತ್ತಿದ್ದಳು. ಬಂಡೆಪ್ಪ ನಿದ್ದೆಯಿಂದೆದ್ದು ಬಂದು ನೋಡುತ್ತಿದ್ದ. ತಪ್ಪಿದ್ದರೆ ಗೋಡೆ ಸಮ ಮಾಡುವ ಮಟ್ಟದ ಕೋಲಿನಿಂದ ಬೆರಳ ಗಂಟಿನ ಮೇಲೆ ಬಾರಿಸುತ್ತಿದ್ದ. ಬಾಯಿಬಿಟ್ಟು ಕಲಿಸಿದ್ದು ಕಡಿಮೆ, ಕಲಿಸಿದ್ದು ಮಾತ್ರ ಸುಳ್ಳಲ್ಲ. ಒಣ ಇಟ್ಟಿಗೆ ಮಾಲಿನ ನೀರು ಹೀರುತ್ತದೆ, ಅದಕ್ಕೆ ಹಿಂದಿನ ದಿನವೇ ಗೋಡೆಗೆ ನೀರು ಕುಡಿಸು. ಮೇಲಿನಿಂದ ಕೆಳಗೆ ಬಾ. ಎಲ್ಲಕ್ಕಿಂತ ಮುಖ್ಯ, ಮಾಲು ಬಿಗಿಯುವ ಹೊತ್ತನ್ನು ಕಾದು ಕೋಲು ಎಳೆ.

"ಮೊದಲ ಎಳದ್ರ ಉದರತದ. ತಡಾ ಆದ್ರ ಕಲ್ಲಾಗತದ. ಗ್ವಾಡಿ ನಿನಗ ಕಾಯಲ್ಲ ತಿಳೀತಾ? ನೀನು ಅದಕ್ಕ ಕಾಯಬೇಕ."

ಕುಡಿಸದ ಹಾಲು ಎದೆಯಲ್ಲಿ ಕಲ್ಲು ಕಟ್ಟುತ್ತಿತ್ತು. ಕೈ ಮೇಲೆತ್ತಿ ಮಾಲು ಬೀಸಿದಾಗ ಕುಪ್ಪಸ ತೊಯ್ದು ಹೊಟ್ಟೆಯವರೆಗೂ ಇಳಿಯುತ್ತಿತ್ತು. ಮೊದಮೊದಲು ಜ್ವರ ಬಂತು. ಆಮೇಲೆ ಒಂದು ಉಪಾಯ ಕಂಡುಕೊಂಡಳು. ಕೆಲಸ ಶುರು ಮಾಡುವ ಮುಂಚೆ ಹಿಂಬದಿಯ ಮರಳಿನ ಗುಪ್ಪೆಯ ಹಿಂದೆ ಕೂತು ಹಿಂಡಿ ಚೆಲ್ಲಿ ಬರುತ್ತಿದ್ದಳು. ಮರಳಿಗೆ ಇರುವೆ ಮುತ್ತುತ್ತಿತ್ತು. ಕೆಲ ತಿಂಗಳಲ್ಲಿ ಅದರ ಅಗತ್ಯವೂ ಬೀಳಲಿಲ್ಲ. ಹಾಲು ತಾನಾಗಿಯೇ ಬತ್ತಿತು.

ಆ ವರ್ಷ ಹನುಮವ್ವ ಬೆಳೆದಳು, ಸುಳ್ಳು ಹೇಳಬಾರದು. ಬೆನ್ನು ನೆಟ್ಟಗಾಯಿತು. ಗೋಡೆಯ ಮುಂದೆ ನಿಂತರೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಕೋಲು ಇಡುವ ಮುಂಚೆಯೇ ಹೇಳುತ್ತಿದ್ದಳು. ಉಳಿದ ಹೆಂಗಸರು "ಬಂದ್ಳು ನೋಡ್ರೇ ಬಚ್ಚಲ ಮಿಸ್ತ್ರಿ" ಎಂದು ಅಣಕಿಸಿದರೆ ಅವಳಿಗೆ ಒಳಗೊಳಗೇ ಹಿಗ್ಗು. ನಳದ ಪಾಳಿಯಲ್ಲಿ ನಿಂತಾಗಲೂ ಕೈ ಗಾಳಿಯಲ್ಲಿ ಬೀಸುತ್ತಿತ್ತು. ದುರ್ಗಿಯ ಓರಿಗೆಯ ಕೂಸುಗಳು ಮರಳಲ್ಲಿ ತೆವಳಿ, ನಿಂತು, ಬಿದ್ದು, ಮಣ್ಣು ತಿಂದು ಏಟು ತಿನ್ನುತ್ತಿದ್ದವು. ದುರ್ಗಿ ಮಲಗಿತ್ತು. ಎತ್ತಿದರೆ ಕತ್ತು ಒಂದು ಕಡೆ ಬೀಳುತ್ತಿತ್ತು. ಸಂಜೆ ಮೊಲೆ ಬಾಯಿಗಿಟ್ಟರೆ ಚೀಪಬೇಕೆಂಬುದೇ ಅದಕ್ಕೆ ನೆನಪಿರಲಿಲ್ಲ.

"ದವಾಖಾನಿಗಿ ಹೋಗಿ ಬರೂಣು," ಎಂದಳು ಗಂಡನಿಗೆ.

"ಅಲ್ಲಿ ಹ್ವಾದ್ರ ಇಡೀ ದಿನಾ ಪಾಳಿ. ಒಂದು ದಿನದ ಜೋಡಿ ಕೂಲಿ ಹೋಗತದ. ನಿಮ್ಮಪ್ಪ ಕೊಡತಾನೇನು?"

"ಕೂಸಿನ ಮಾರಿ ನೋಡು."

"ನೋಡೀನಿ. ಹೆಣ್ಣು ಅದ. ಬೆಳೀತದ ಬಿಡು, ಹೊಲದಾಗಿನ ಕಸ ಬೆಳೆಯಲ್ಲೇನು?"

ಅವಳೂ ಜಗ್ಗಾಡಲಿಲ್ಲ. ಮೂರನೇ ಮಾಳಿಗೆಯ ಬಚ್ಚಲು ಅರ್ಧ ಆಗಿತ್ತು.

ಮಳೆಗಾಲ ಬಂತು. ಹೊರಗಿನ ಕೆಲಸ ನಿಂತು ಒಳಗಿನದು ಮಾತ್ರ ನಡೆದಿತ್ತು. ಒಂದು ಮಧ್ಯಾಹ್ನ, ಸುಟ್ಟಿಯ ಹೊತ್ತು, ಹನುಮವ್ವ ಇಡೀ ಗೋಡೆಗೆ ಮಾಲು ಹೊಡೆದು ಕೋಲು ಎಳೆಯಲು ಶುರು ಮಾಡಿದ್ದಳು. ಕೆಳಗಿನಿಂದ ಇಂದ್ರಾಬಾಯಿಯ ಕೂಗು ಮೆಟ್ಟಿಲ ಗುಂಟ ಏರಿ ಬಂತು.

"ಹನಮೀ, ಕೂಸಿನ ಉಸರ ಯಾಕೋ ಬ್ಯಾರೇ ಆಗೇದ. ಬಾ ಇಲ್ಲಿ."

"ಬಂದೆ ಆಯಿ. ಗ್ವಾಡಿ ಹಸಿ ಅದ. ಎಳದು ಬರತೀನಿ."

"ಗ್ವಾಡಿ ಸುಡು! ಬಾ ಅಂದ್ರ ಬಾ!"

"ಇಕಾ, ಬಂದೆ!"

ಹಸಿ ಗೋಡೆಯನ್ನು ಬಿಟ್ಟು ಹೋದರೆ ಅದು ಕಲ್ಲಾಗುತ್ತದೆ. ಕಲ್ಲಾದರೆ ಒಡೆಯಬೇಕು. ಒಡೆದರೆ ಸಿಮೆಂಟು ಹಾಳು, ಸಿಮೆಂಟು ಹಾಳಾದರೆ ಗುರಲಿಂಗಪ್ಪನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಕರಣಿ ಹೋಯಿತು. ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಓಡಿದ್ದು ಇದು. ಕೋಲು ಎಳೆದಳು. ಮೂಲೆ ತೀಡಿದಳು. ಮೇಲಿಂದ ಕೆಳಗಿನವರೆಗೆ ನೀರು ಚಿಮುಕಿಸಿ ಸವರಿದಳು. ಕರಣಿಯನ್ನು ಬಕೆಟ್ಟಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು. ಇಂದ್ರಾಬಾಯಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ನೊಣ ಕೂಡದಂತೆ ಮುಖಕ್ಕೆ ಅರಿವೆ ಹೊದಿಸಿದ್ದಳು.

ಕೂಗಿದ ಕೂಡಲೇ ಇಳಿದಿದ್ದರೆ ಕೂಸು ಉಳಿಯುತ್ತಿತ್ತೇ? ಜೋಪಡಿಯ ಮಂದಿ ಇದನ್ನು ವರ್ಷಗಟ್ಟಲೆ ಕೇಳಿದರು. ಅವಳೊಬ್ಬಳನ್ನೇ ಕೇಳಿದರು. ಒಂದು ದಿನದ ಕೂಲಿ ಬಿಡಲೊಲ್ಲದ ಖಂಡಪ್ಪನನ್ನು ಕೇಳಲಿಲ್ಲ. ನಿನ್ನ ಹೊತ್ತಿನಲ್ಲಿ ಕಲಿ ಎಂದ ಗುರಲಿಂಗಪ್ಪನನ್ನಂತೂ ಕೇಳುವ ಮಾತೇ ಇಲ್ಲ, ಅವನು ಕೂಸಿನ ಮಣ್ಣಿಗೆ ಹತ್ತು ರೂಪಾಯಿ ಕೊಟ್ಟಿದ್ದ. ಹನುಮವ್ವ ಅಳಲಿಲ್ಲ. ಅಳದಿದ್ದದ್ದನ್ನೂ ಅವಳ ತಪ್ಪಿಗೆ ಸೇರಿಸಿದರು.

ಕೆಲಸಕ್ಕೆ ಮರಳಿದ ದಿನ ಗುರಲಿಂಗಪ್ಪ ಅವಳನ್ನು ಕರೆದ.

"ಆದದ್ದು ಆತು. ಈಗ ನಿನಗ ಹೊತ್ತಿನ ತ್ರಾಸ ಇಲ್ಲಲ್ಲ. ಎರಡನೇ ಬಿಲ್ಡಿಂಗಿನ ಬಚ್ಚಲ, ಮೆಟ್ಟಲದ ಅಡಿ, ಹಿಂಬದಿ ಎಲ್ಲಾ ನೀನೇ ಹಿಡಿ. ದಿನಪೂರ್ತಿ ಕರಣಿ ಕೆಲಸ. ಬುಟ್ಟಿ ಬ್ಯಾಡ."

"ಪಗಾರ?"

"ಕೊಡತೀನಂತ ಹೇಳೀನಲ್ಲ."

ಮಾತು ಉಳಿಸಿಕೊಂಡ, ತನ್ನ ರೀತಿಯಲ್ಲಿ. ಮುಂದಿನ ವಾರದಿಂದ ಜೋಡಿಯಲ್ಲಿ ಒಬ್ಬರನ್ನು ಮಿಸ್ತ್ರಿ ಮಾಡಿದ. ಹಾಜರಿಯಲ್ಲಿ "ಖಂಡಪ್ಪ ಮಿಸ್ತ್ರಿ, ಜೋಡಿ" ಎಂದು ಕೂಗಿದ. ಖಂಡಪ್ಪ ಕರಣಿ ಹಿಡಿಯುವ ಕೈ ಬಲಗೈಯೋ ಎಡಗೈಯೋ ಎಂದು ಕೇಳಿ ತಿಳಿದುಕೊಳ್ಳಬೇಕಾದವನು. ಮಿಸ್ತ್ರಿಯ ಕೂಲಿ ಅವನಿಗೆ, ಬುಟ್ಟಿಯವಳ ಕೂಲಿ ಇವಳಿಗೆ, ಎರಡೂ ಸೇರಿ ಅವನ ಕೈಗೆ. ಬಚ್ಚಲೊಳಗೆ ಹನುಮವ್ವ ಗೋಡೆ ಎಳೆಯುತ್ತಿದ್ದರೆ ಖಂಡಪ್ಪ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಎರಡೇ ತಿಂಗಳಲ್ಲಿ ಕೈಗಡಿಯಾರ ಕಟ್ಟಿದ. ಯಾರಾದರೂ ಟೈಮು ಕೇಳಲಿ ಎಂದು ತೋಳು ಮಡಚಿಕೊಂಡು ಓಡಾಡಿದ. ಕೇಳದಿದ್ದರೆ ಒಳಗೆ ಕೂಗಿ ಹೆಂಡತಿಗೆ ಹೇಳುತ್ತಿದ್ದ.

ಹನುಮವ್ವ ಮುಕಾದಮನ ಹತ್ತಿರ ಹೋದಳು. "ಅಣ್ಣಾ, ಕೊಡತೀನಂದಿದ್ದು ನನಗ."

"ಕೊಟ್ಟೀನಲ್ಲ. ನಿನ್ನ ಗಂಡಗ ಕೊಟ್ಟೀನಿ."

"ಗ್ವಾಡಿ ಯಾರು ಎಳದಾರ?"

"ಜೋಡಿ ಎಳದದ. ಗಂಡ-ಹೇಣ್ತಿ ನಡುವ ನಂದು ನಿಂದು ಅಂತ ಭೇದ ಮಾಡಿದ್ರ ಸಂಸಾರ ನಡೀತದೇನು?" ಪಕ್ಕದಲ್ಲಿ ಕೂತವನ ಕಡೆ ತಿರುಗಿ, "ಮುಂಬಯಿ ನೀರು ನೋಡಪಾ, ಹ್ಯಾಂಗ ಮಾತು ಕಲಸತದ" ಎಂದ.

ಎರಡನೇ ಬಿಲ್ಡಿಂಗು ಮುಗಿಯುತ್ತ ಬಂದಾಗ ಫ್ಲಾಟು ಕೊಂಡವರು ನೋಡಲು ಬರತೊಡಗಿದರು. ಅವರಲ್ಲೊಬ್ಬ ಕಾಂತಪ್ಪ. ಉಡುಪಿ ಕಡೆಯವನು, ದಾದರಿನಲ್ಲಿ ಹೋಟೆಲು. ಬಿಳಿ ಪ್ಯಾಂಟು, ಬಿಳಿ ಬೂಟು. ಕೆಟ್ಟವನಲ್ಲ, ಕನ್ನಡದವರು ಕಂಡರೆ ನಿಂತು ಮಾತಾಡಿಸುವವನು. ತನ್ನ ಬಚ್ಚಲಿಗೆ ಬಂದು ಗೋಡೆಯ ಮೇಲೆ ಅಂಗೈ ಆಡಿಸಿದ. ಇನ್ನೊಮ್ಮೆ ಆಡಿಸಿದ.

"ಏನು ಕೆಲಸ ಮಾರಾಯರೇ! ಕನ್ನಡಿ ಹಾಗೆ ಉಂಟಲ್ಲ. ಯಾರು ಮಾಡಿದ್ದು?"

ಗುರಲಿಂಗಪ್ಪ ಖಂಡಪ್ಪನ ಬೆನ್ನು ತಟ್ಟಿ ಮುಂದೆ ತಳ್ಳಿದ. "ನಮ್ಮ ಖಂಡಪ್ಪ ಮಿಸ್ತ್ರಿ."

"ಶಾಬಾಸ್. ನೋಡು ಮಿಸ್ತ್ರಿ, ನಾನು ಈ ಮುಂಬೈಗೆ ಬಂದದ್ದು ಕಪ್ಪು-ಬಸಿ ತೊಳೀಲಿಕ್ಕೆ. ಹಗಲು ಕೆಲಸ, ಸಂಜೆ ಶಾಲೆ. ಒಂದು ನಿಮಿಷ ಹಾಳು ಮಾಡಿದವ ಅಲ್ಲ. ಅದಕ್ಕೇ ಇವತ್ತು ಈ ಫ್ಲಾಟು. ನಿನಗೂ ಆ ಬುದ್ಧಿ ಉಂಟು ಅಂತ ಗೋಡೆ ನೋಡಿದ್ರೆ ಗೊತ್ತಾಗ್ತದೆ."

ಅವನು ಶಾಲೆಗೆ ಹೋದ ಹೊತ್ತಿನಲ್ಲಿ ಅವನ ಪಾಲಿನ ಬಸಿ ತೊಳೆದವನು ಯಾರೋ, ಅವನ ಮಾತು ಅಲ್ಲಿ ಬರಲಿಲ್ಲ.

ಕಾಂತಪ್ಪ ಅಡಿಗೆಮನೆಯಲ್ಲಿ ಇಟ್ಟಿಗೆ ಬಿಚ್ಚಿಕೊಂಡ ಒಂದು ಜಾಗ ತೋರಿಸಿದ. "ಇದನ್ನೂ ನಿನ್ನ ಕೈಯಿಂದಲೇ ಮುಚ್ಚು. ಈಗಲೇ. ನಾನು ನಿಂತು ನೋಡ್ತೇನೆ, ನನಗೆ ಕೆಲಸ ನೋಡುವುದು ಅಂದ್ರೆ ಇಷ್ಟ."

ಹನುಮವ್ವ ಬುಟ್ಟಿಯಲ್ಲಿ ಮಾಲು ತಂದಿಟ್ಟಳು. ಖಂಡಪ್ಪ ಕರಣಿ ಎತ್ತಿದ. ಬೀಸಿದ. ಅದು ಕಾಂತಪ್ಪನ ಬಿಳಿ ಬೂಟಿನ ಮೇಲೆ ಬಿತ್ತು. ಮತ್ತೆ ಬೀಸಿದ, ಇನ್ನೊಂದು ಬೂಟಿನ ಮೇಲೆ ಬಿತ್ತು. ಯಾರೂ ನಗಲಿಲ್ಲ. ಸುಮ್ಮನಿದ್ದಿದ್ದರೆ ಗುರಲಿಂಗಪ್ಪ ಏನಾದರೂ ಹೇಳಿ ಸಾಗಹಾಕುತ್ತಿದ್ದ. ಹನುಮವ್ವ ಸುಮ್ಮನಿರಲಿಲ್ಲ. ಗಂಡನ ಕೈಯಿಂದ ಕರಣಿ ಕಿತ್ತುಕೊಂಡಳು. ನಾಲ್ಕು ಬೀಸಿಗೆ ಆ ಜಾಗ ಮುಚ್ಚಿ, ಸವರಿ, ಹಿಂದೆ ಸರಿದು ನಿಂತಳು.

"ಬಚ್ಚಲಾನೂ ನಂದೇ ರೀ, ಸಾಹೇಬ್ರ. ಎರಡೂ ಬಿಲ್ಡಿಂಗಿನ ಬಚ್ಚಲ ನಂದೇ. ಮಿಸ್ತ್ರಿ ಪಗಾರ ನನಗ ಬರಬೇಕು."

ಕಾಂತಪ್ಪ ಗುರಲಿಂಗಪ್ಪನ ಮುಖ ನೋಡಿದ. "ಎಂತದು ಇದು? ಹೆಂಗಸರಿಂದ ಮಾಡಿಸಿದ್ದಾ?" ಸೀದಾ ಬಚ್ಚಲಿಗೆ ಹೋಗಿ, ಈಗಷ್ಟೇ ಸವರಿ ಹೊಗಳಿದ ಗೋಡೆಯನ್ನು ಬೆರಳ ಗಂಟಿನಿಂದ ಕುಟ್ಟಿದ. ಕಿವಿ ಇಟ್ಟ. "ಟೊಳ್ಳು ಶಬ್ದ ಬರ್ತದಲ್ಲ! ಮಿಸ್ತ್ರಿ ರೇಟು ತೆಗೆದುಕೊಂಡು ಬುಟ್ಟಿಯವಳಿಂದ ಮಾಡಿಸೂದಾ? ಒಡೀರಿ ಇದನ್ನು. ಸರಿಯಾದವರಿಂದ ಮಾಡಿಸಿ. ಅಲ್ಲಿವರೆಗೆ ಕೊನೇ ಕಂತು ಕಟ್ಟೂದಿಲ್ಲ." ಹೋಗುವಾಗ ಹನುಮವ್ವನಿಗೆ ಸಿಟ್ಟಿಲ್ಲದೆ, ಬುದ್ಧಿ ಹೇಳುವವನಂತೆ ಹೇಳಿದ. "ನಿನ್ನ ಮೇಲೆ ಕೋಪ ಇಲ್ಲಮ್ಮ. ಆದ್ರೆ ಮನೆ-ಮಕ್ಕಳು ನೋಡಿಕೊಳ್ಳೂದು ಬಿಟ್ಟು ಇದೆಲ್ಲ ಯಾಕೆ?"

ಹನುಮವ್ವ ಕರಣಿಯನ್ನು ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಬಂಡೆಪ್ಪ ಉಳಿ-ಸುತ್ತಿಗೆ ಹಿಡಿದು ಆ ಗೋಡೆ ಒಡೆಯಲು ನಿಂತ. ಸುಲಭಕ್ಕೆ ಬರಲಿಲ್ಲ ಅದು. ಇಟ್ಟಿಗೆಯ ತುಂಡು ಕಚ್ಚಿಕೊಂಡೇ ಕಳಚುತ್ತಿತ್ತು. ಬಂಡೆಪ್ಪ ಬೆವರು ಒರೆಸಿ, ಗೋಡೆ ನೋಡಿ, ಉಗುಳಿ, ಮತ್ತೆ ಬಡಿದ. ಟೊಳ್ಳಲ್ಲ ಎಂದು ಹೇಳಬಹುದಿತ್ತು. ಎರಡನೇ ಸಲದ ಕೂಲಿ ಅವನಿಗೆ ಬರುತ್ತಿತ್ತು, ಹೇಳಲಿಲ್ಲ. ಒಡೆದ ಚೂರುಗಳನ್ನು ಬುಟ್ಟಿಗೆ ತುಂಬಿ ಕೆಳಗೆ ಹೊರಲು ಗುರಲಿಂಗಪ್ಪ ಹನುಮವ್ವನನ್ನೇ ಹಚ್ಚಿದ. ಅವಳು ತನ್ನ ಗೋಡೆಯನ್ನು ತಲೆಯ ಮೇಲೆ ಹೊತ್ತು ಇಳಿಸಿದಳು. ಎಲ್ಲ ಖಾಲಿಯಾದ ಮೇಲೆ ಹೊಸ ಗಾರೆ ಕಲಸಿ ಕೆಳಗೆ ನಿಂತಳು. ಮೇಲಿನಿಂದ ಬಂಡೆಪ್ಪ ಕೂಗಿದ.

"ಮಾಲ್!"

ಓಡಿದಳು.

ಶನಿವಾರ ಗುರಲಿಂಗಪ್ಪ ಜೋಡಿಯನ್ನು ಕೆಲಸದಿಂದ ತೆಗೆದ. ಖಂಡಪ್ಪ ಅಂದು ಸಂಜೆ ಜೋಪಡಿಯ ಮುಂದೆ, ನಾಲ್ಕು ಮಂದಿ ನೋಡುತ್ತಿರುವಾಗ, ಮಟ್ಟದ ಕೋಲಿನಿಂದಲೇ ಅವಳಿಗೆ ಹೊಡೆದ. ಮಿಸ್ತ್ರಿಗಿರಿ ಹೋದ ಸಿಟ್ಟು ಅದರಲ್ಲಿಳಿಯಿತು. ತಿಂಗಳೊಳಗೆ ಠಾಣೆ ಕಡೆ ಇನ್ನೊಬ್ಬ ಮುಕಾದಮ ಸಿಕ್ಕ. ಅವನೂ ಜೋಡಿ ಕೇಳಿದ.

"ನಡಿ," ಎಂದ ಖಂಡಪ್ಪ.

"ಜೋಡಿಗಿ ಬರಲ್ಲ. ನನ್ನ ಹೆಸರು ಕೂಗೂದಾದ್ರ ಬರತೀನಿ."

"ನಿನ್ನ ಹೆಸರು ಯಾರಿಗಿ ಬೇಕಾಗೇದ?"

ಅವನಿಗೆ ಜೋಡಿಗೆ ಬೇರೊಬ್ಬಳು ಸಿಕ್ಕಳು. ಹೋದ. ಗಡಿಯಾರವನ್ನು ಹನುಮವ್ವನೇನೂ ಕೇಳಿರಲಿಲ್ಲ, ಆದರೂ ಅದನ್ನು ಕಟ್ಟಿದ ಕೈ ಹಿಂದೆ ಮಾಡಿಕೊಂಡು ಹೋದ.

ಹನುಮವ್ವ ಕುರ್ಲಾಕ್ಕೆ ಬಂದಳು. ಅಲ್ಲಿನ ನಾಕಾದಲ್ಲಿ ಬೆಳಿಗ್ಗೆ ಕೂಲಿಯವರು ನಿಲ್ಲುತ್ತಾರೆ, ಬೇಕಾದವರು ಬಂದು ಆರಿಸಿ ಕರೆದೊಯ್ಯುತ್ತಾರೆ. ಕರಣಿ ಹಿಡಿದ ಗಂಡಸರು ಒಂದು ಕಡೆ, ಬುಟ್ಟಿ ಹಿಡಿದ ಹೆಂಗಸರು ಇನ್ನೊಂದು ಕಡೆ. ಹನುಮವ್ವ ಕರಣಿ ಹಿಡಿದು ಕರಣಿಯವರ ಕಡೆ ನಿಂತಳು. ಮೊದಲ ದಿನ ಗಂಡಸರು ನಕ್ಕರು. "ಗಂಡನ ಕರಣಿ ತಂದಾಳ, ಮಾರಲಾಕ," ಎಂದ ಒಬ್ಬ. "ನಿನ್ನ ಕೈಗಿಂತ ಛಲೋ ನಡೀತದ, ಕೊಡಲೇನು?" ಎಂದಳು. ಆಮೇಲೆ ತಳ್ಳಿದರು. ಆಮೇಲೆ ರೂಢಿಯಾಯಿತು. ಕರೆಯಲು ಬಂದವರ ಕಣ್ಣು ಅವಳನ್ನು ದಾಟಿ ಹೋಗುತ್ತದೆ. ಒಮ್ಮೊಮ್ಮೆ ಒಬ್ಬ ಕರೆದೊಯ್ಯುತ್ತಾನೆ, ಸೈಟಿಗೆ ಹೋದ ಮೇಲೆ ಬುಟ್ಟಿ ಕೊಡುತ್ತಾನೆ. ಒಮ್ಮೊಮ್ಮೆ ಕರಣಿ ಕೆಲಸವನ್ನೇ ಮಾಡಿಸಿ, ಸಂಜೆ ಬುಟ್ಟಿಯ ಕೂಲಿ ಎಣಿಸಿ, "ಹೆಂಗಸಿಗೆ ಇಷ್ಟೇ" ಎನ್ನುತ್ತಾನೆ. ಅವಳು ಜಗಳಾಡುತ್ತಾಳೆ. ಗೆಲ್ಲುವುದಿಲ್ಲ. ಮರುದಿನ ಅದೇ ಕಡೆ ಬಂದು ನಿಲ್ಲುತ್ತಾಳೆ. ಹೊಟ್ಟೆಗಿಲ್ಲದ ದಿನವೂ ಬುಟ್ಟಿಯ ಕಡೆ ಹೋಗಿ ನಿಂತಿಲ್ಲ. ಎಪ್ಪತ್ತೊಂಬತ್ತನೇ ಇಸವಿ ಬಂತು, ಇನ್ನೂ ನಿಂತಿದ್ದಾಳೆ.

ಇದನ್ನು ಓದುತ್ತಿರುವ ನೀವು ಯಾವುದೋ ಬಿಲ್ಡಿಂಗಿನಲ್ಲಿ ಇದ್ದೀರಿ. ಬಚ್ಚಲಿದೆ, ಗೋಡೆ ಇದೆ, ಮೈತೊಳೆದು ಒರೆಸಿಕೊಂಡು ಕೆಲಸಕ್ಕೆ ಹೊರಡುತ್ತೀರಿ. ಕೂಸಿಗಾಗಿ ನಿಟ್ಟುಸಿರು ಬಿಡಬೇಡಿ, ಅದರಿಂದ ಯಾರ ಒಲೆಯೂ ಹತ್ತುವುದಿಲ್ಲ. ತಾಯಿಯದು ತಪ್ಪೋ ಅಲ್ಲವೋ ಎಂದು ತೀರ್ಪು ಕೊಡಲು ನಿಮ್ಮನ್ನು ಕರೆದಿಲ್ಲ. ಮುಲುಂಡಿನ ಆ ಎರಡು ಬಿಲ್ಡಿಂಗುಗಳ ಸೊಸೈಟಿಯವರಾಗಿದ್ದರೆ ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಅವಳ ಬಾಕಿಯ ಮಾತು ತೆಗೆಯಿರಿ, ತೀರಿಸಿ. ಅಲ್ಲದಿದ್ದರೆ ನಾಳೆ ಕುರ್ಲಾದ ನಾಕಾಕ್ಕೆ ಹೋಗಿ. ಕರಣಿಯವರ ಸಾಲಿನಲ್ಲಿ ಒಬ್ಬಳೇ ಹೆಂಗಸು, ಗುರುತು ಹಿಡಿಯುವುದು ಕಷ್ಟವಲ್ಲ. ಹೆಸರು ಹಿಡಿದು ಕರೆಯಿರಿ. ಕೆಲಸ ಶುರುವಾಗುವ ಮುಂಚೆಯೇ ಮಿಸ್ತ್ರಿಯ ಪಗಾರ ಎಂದು ಬಾಯಿಬಿಟ್ಟು ಹೇಳಿ. ಸಂಜೆ ಅದನ್ನು ಅವಳ ಕೈಗೆ ಕೊಡಿ, ಬೇರೆ ಯಾರ ಕೈಗೂ ಅಲ್ಲ. ಕೊಡುತ್ತೀರೋ, ಇಲ್ಲವೋ? ಹೇಳಿ.